ಹೊಸ್ತಿಲಾಚೆಯ ಉಡಿ

ಬಮ್ಮಿಗಟ್ಟಿಯಲ್ಲಿ ಬಸ್ಸಿಳಿದು ನೀಲಕ್ಕನ ಮನೆ ಯಾವುದು ಅಂತ ಕೇಳಿದರೆ, ಯಾವ ನೀಲಕ್ಕ ಅಂತ ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಊರಲ್ಲಿ ನೀಲಕ್ಕಂದಿರಿಗೇನೂ ಬರವಿಲ್ಲ. ಪಂಚಮಿ ನೀಲಕ್ಕ ಅಂದರೆ ಮಾತ್ರ ಕಟ್ಟೆಯ ಮೇಲೆ ಕೂತವರೆಲ್ಲ ಒಂದೇ ಕಡೆ ಕೈ ತೋರಿಸುತ್ತಾರೆ.

ಆ ಹೆಸರು ಅಂಟಿಕೊಂಡದ್ದು ಹೀಗೆ. ಅಣ್ಣಿಗೇರಿಯ ಕುಬೇರಪ್ಪನಿಗೆ ಅವಳನ್ನು ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷ ನಾಗರ ಪಂಚಮಿಗೆಂದು ತವರಿಗೆ ಬಂದಳು. ಎಲ್ಲ ಹೆಣ್ಣುಮಕ್ಕಳೂ ಬರುತ್ತಾರೆ, ಜೋಕಾಲಿ ಜೀಕುತ್ತಾರೆ, ಶೇಂಗಾ ಉಂಡಿ ತಿನ್ನುತ್ತಾರೆ, ಆಮೇಲೆ ಗಂಡನ ಮನೆಯಿಂದ ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆ. ನೀಲಕ್ಕನನ್ನು ಕರೆಯಲು ಯಾರೂ ಬರಲಿಲ್ಲ. ಜೋಕಾಲಿಯ ಹಗ್ಗ ಬಿಚ್ಚಿದರು, ಗಣಪತಿ ಬಂದು ಹೋದ, ದಸರೆಯಲ್ಲಿ ಬನ್ನಿ ಹಂಚುವ ಹೊತ್ತಿಗೆ ಸುದ್ದಿ ಬಂತು. ಕುಬೇರಪ್ಪ ಇನ್ನೊಬ್ಬಳನ್ನು ಮನೆಗೆ ತಂದು ಇಟ್ಟುಕೊಂಡಿದ್ದ. ಊರಿನ ಬಾಯಿಗೆ ಬೀಗ ಹಾಕುವವರು ಯಾರು? "ಏನಬೇ ನೀಲಾ, ಪಂಚಮಿ ಇನ್ನೂ ಮುಗಿದಿಲ್ಲೇನ?" ಅಂತ ಕೆರೆಯ ದಾರಿಯಲ್ಲಿ ಯಾರೋ ಕೇಳಿದರು. ಕೇಳಿದವರು ಮರೆತರು, ಹೆಸರು ಉಳಿಯಿತು.

ಅವಳ ತಾಯಿ ಹನಮವ್ವ ಮಾತ್ರ ಒಂದು ಮಾತೂ ಕೇಳಲಿಲ್ಲ. "ಬಂದಾಕಿ ಬಂದೀದಿ, ಇರು" ಅಂದಳು, ಒಲೆಯ ಮುಂದಿನ ಮಣೆಯನ್ನು ಅವಳ ಕಡೆ ಸರಿಸಿದಳು. ಅವತ್ತು ಕೂತ ಮಣೆಯಿಂದ ನೀಲಕ್ಕ ಎದ್ದದ್ದು ಬರೀ ನೀರು ತರಲು, ಹೊಲಕ್ಕೆ ಬುತ್ತಿ ಒಯ್ಯಲು, ತಮ್ಮನ ಮದುವೆ ಮಾಡಲು, ತಾಯಿಯ ಬಾಯಿಗೆ ನೀರು ಬಿಡಲು.

ಹನಮವ್ವ ಸಾಯುವ ಮೊದಲು ಮಗ ಸಂಗನಬಸವನನ್ನು ಹತ್ತಿರ ಕರೆದು ಒಂದು ಆಣೆ ಹಾಕಿಸಿಕೊಂಡಳು. ಅದು ಉಡಿಯ ವಿಷಯ. ನಮ್ಮ ಕಡೆ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬುವುದು ಹೊಸದೇನಲ್ಲ. ಗುಡಿಯಲ್ಲಿ ತುಂಬುತ್ತಾರೆ, ನೆರೆಮನೆಯಲ್ಲಿ ತುಂಬುತ್ತಾರೆ, ಅದು ಮರ್ಯಾದೆ. ಆದರೆ ತವರಿನವರು ತಮ್ಮ ಮಗಳ ಉಡಿ ತುಂಬಿದರೆ ಅದರ ಅರ್ಥ ಒಂದೇ. ಹೋಗಿ ಬಾ. ಆಮೇಲೆ ಹೆಣ್ಣುಮಗಳು ಆ ಮನೆಯಲ್ಲಿ ಒಂದು ರಾತ್ರಿಯೂ ತಂಗುವಂತಿಲ್ಲ. ಹನಮವ್ವ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿದಳು: "ಸಂಗೂ, ಈ ಮನಿ ಹೊಸ್ತಿಲದೊಳಗ ನಿಮ್ಮಕ್ಕನ ಉಡಿ ತುಂಬಬ್ಯಾಡ. ಜಗಲಿ ಮುಟ್ಟಿ ಆಣಿ ಮಾಡು." ಸಂಗನಬಸವ ದೇವರ ಜಗಲಿ ಮುಟ್ಟಿದ. ಅವನು ಕೆಟ್ಟವನಲ್ಲ. ಗೊಬ್ಬರದ ಅಂಗಡಿಯಲ್ಲಿ ತೂಕದ ಮುಂದೆ ಕೂತು ಕೂತು ಯಾರು ಒತ್ತಿದರೆ ಆ ಕಡೆ ವಾಲುವುದು ರೂಢಿಯಾಗಿತ್ತು, ಅಷ್ಟೇ.

ಸಂಗನಬಸವನ ಹೆಂಡತಿ ನೇತ್ರಾ ಅಳ್ನಾವರದ ಕಡೆ ಶಾಲೆಯೊಂದರಲ್ಲಿ ಟೀಚರು. ಮುಂಜಾನೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಅವಳಿಗೆ ಹುಟ್ಟಿದ ಒಬ್ಬಳೇ ಮಗಳು ಸೌಂದರ್ಯಾ ಬೆಳೆದದ್ದೆಲ್ಲ ಅತ್ತೆ ನೀಲಕ್ಕನ ಕಂಕುಳಲ್ಲಿ. ಹಲ್ಲು ಬಂದದ್ದು, ಹೆಜ್ಜೆ ಇಟ್ಟದ್ದು, ದಡಾರ ಎದ್ದದ್ದು ಎಲ್ಲ ನೀಲಕ್ಕ ಮೊದಲು ಕಂಡದ್ದು, ಹೆತ್ತವಳು ಕೇಳಿದ್ದು. ಮಗುವಿನ ಫ್ರಾಕು ಸಣ್ಣದಾದಂತೆಲ್ಲ ಕತ್ತರಿಸಿ, ಹನಮವ್ವನ ಹಳೆಯ ಇಳಕಲ್ ಸೀರೆಗೆ ಕೂಡಿಸಿ ನೀಲಕ್ಕ ಒಂದು ಕೌದಿ ಹೊಲಿದಳು. ಅತ್ತೆ, ಹುಡುಗಿ ಇಬ್ಬರೂ ಆ ಒಂದೇ ಕೌದಿಯೊಳಗೆ ಮಲಗುತ್ತಿದ್ದರು.

"ಅತ್ತಿ, ಕಥಿ ಹೇಳ" ಅಂತ ಹುಡುಗಿ ಕಾಡುತ್ತಿತ್ತು. ನೀಲಕ್ಕನಿಗೆ ರಾಜಕುಮಾರರ ಕಥೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ತನ್ನದೇ ಕಥೆ. ಅಜ್ಜಿ ಆಣೆ ಹಾಕಿಸಿದ್ದು, ಅಪ್ಪ ಜಗಲಿ ಮುಟ್ಟಿದ್ದು. "ಹಂಗಾರ ನೀ ಎಂದೂ ಹೋಗಂಗಿಲ್ಲಲ್ಲ?" ಅಂತ ಸೌಂದರ್ಯಾ ಪ್ರತಿ ಸಲವೂ ಕೇಳುತ್ತಿದ್ದಳು. "ಹೊಸ್ತಿಲದೊಳಗ ಉಡಿ ತುಂಬಿದ್ರಷ್ಟs ಹೋಗೂದವ್ವಾ. ಯಾರೂ ತುಂಬಂಗಿಲ್ಲ, ನಾ ಹೋಗಂಗಿಲ್ಲ." ಅಷ್ಟು ಕೇಳಿದ ಮೇಲೆಯೇ ಹುಡುಗಿಗೆ ನಿದ್ದೆ ಬರುತ್ತಿತ್ತು.

ಆ ಸೌಂದರ್ಯಾ ಈಗ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾಳೆ. ಕುಬಿಹಾಳದ ಅನುಕೂಲಸ್ಥರ ಮನೆಗೆ ಸಂಬಂಧ ನಿಕ್ಕಿಯಾಗಿತ್ತು. ಬೀಗರು ಬಂದು ಕೂತಾಗ ನೀಲಕ್ಕ ಒಳಗೇ ಇದ್ದು ಹೋಳಿಗೆ ಬೇಯಿಸಿದಳು. ಹೊರಗೆ ನಾಲ್ಕು ಮಂದಿ ಕೂತರೆ ಅವಳು ಬಾಯಿ ಬಿಡುವವಳಲ್ಲ. ಮನೆಯೊಳಗೆ ಸಂಗನಬಸವನನ್ನು ಗದರಿಸುವ ಹೆಂಗಸು, ಹೊರಗಿನವರ ಮುಂದೆ ಧ್ವನಿ ಏರಿಸಿದ್ದನ್ನು ಕಂಡವರಿಲ್ಲ. ಗಂಡ ಬಿಟ್ಟವಳ ಬಾಯಿ ದೊಡ್ಡದು ಅನ್ನಿಸಿಕೊಳ್ಳಬಾರದು ಅಂತ ಯಾವ ಕಾಲದಲ್ಲೋ ತಾನೇ ಹಾಕಿಕೊಂಡ ನೇಮ ಅದು. ಮನೆಯವರಿಗೆಲ್ಲ ಗೊತ್ತಿತ್ತು. ಸೌಂದರ್ಯಾಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹೋದ ಕಾರ್ತಿಕದ ಒಂದು ರವಿವಾರ ಸೌಂದರ್ಯಾ ಹುಬ್ಬಳ್ಳಿಯಿಂದ ಬಂದವಳು ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. "ಇವತ್ತು ಒಲಿ ಹಚ್ಚಬ್ಯಾಡ. ಕಲಘಟಗಿಯೊಳಗ ಹೊಸಾ ಹೋಟೆಲ್ ಆಗೇತಿ, ಹಿಮಾಲಯದ ಊಟ. ನಿನ್ನ ಕರಕೊಂಡು ಹೋಗ್ತೀನಿ."

"ಹಿಮಾಲಯದಾಗ ಏನ ಉಣತಾರಬೇ, ಬರ್ಫೇನ?"

"ಬಂದು ನೋಡು. ಎಷ್ಟು ವರ್ಷ ನಮಗ ಮಾಡಿ ಹಾಕಿದಿ. ಇವತ್ತು ನೀ ಕುಂದ್ರಬೇಕು, ಮಂದಿ ನಿನಗ ತಂದು ಹಾಕಬೇಕು."

ನೀಲಕ್ಕ ಹೋಟೆಲಿನಲ್ಲಿ ಕೂತು ಚಹಾ ಕುಡಿದದ್ದುಂಟು, ಊಟ ಮಾಡಿದ್ದಿಲ್ಲ. ಬೇಡ ಬೇಡ ಅನ್ನುತ್ತಲೇ ಟ್ರಂಕಿನಿಂದ ಹಸಿರು ಸೀರೆ ತೆಗೆದಳು. ಬೇಡ ಅನ್ನುವುದು ಬಾಯಿಯ ಕೆಲಸ, ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಸೌಂದರ್ಯಾ ತಲೆ ಬಾಚಿದಳು, ತುರುಬಿಗೆ ಅಬ್ಬಲಿಗೆ ಮುಡಿಸಿದಳು. ನೇತ್ರಾ ಕೂಡ ಅವತ್ತು "ನೀಲಕ್ಕಾರ, ಚಂದ ಕಾಣ್ತೀರಿ" ಅಂದಳು. ನೇತ್ರಾಳ ಬಾಯಿಂದ ಹೊಗಳಿಕೆ ಬರುವುದೆಂದರೆ ಕಟ್ಟಿದ ಎಮ್ಮೆ ತಾನಾಗಿ ಹಾಲು ಕೊಟ್ಟಂತೆ. ಆದರೂ ನೀಲಕ್ಕನಿಗೆ ಸಂಶಯ ಬರಲಿಲ್ಲ. ಮದುವೆ ಮನೆ, ಎಲ್ಲರ ಮನಸ್ಸೂ ಮೆತ್ತಗಾಗಿದೆ ಅಂದುಕೊಂಡಳು.

ಮೂವರು ಹೆಂಗಸರು ಬಸ್ಸು ಹತ್ತಿದರು. ಸಂಗನಬಸವ ಮನೆಗೆ ಕೀಲಿ ಹಾಕಿಕೊಂಡು ಬೈಕಿನ ಮೇಲೆ ಆಮೇಲೆ ಬರುತ್ತೇನೆ ಅಂದ.

ಹೋಟೆಲು ಕಾರವಾರ ರಸ್ತೆಯ ಬಾಜು ಇತ್ತು. ಹೊರಗೆ ಬಣ್ಣಬಣ್ಣದ ಸಣ್ಣ ಪತಾಕೆಗಳ ಸರ, ಶುದ್ಧ ಶಾಖಾಹಾರಿ ಅಂತ ದೊಡ್ಡ ಬೋರ್ಡು. ಒಳಗೆ ಗೋಡೆಯ ತುಂಬ ಹಿಮದ ಬೆಟ್ಟದ ಚಿತ್ರ. ಅದರ ಕೆಳಗೆ ದುಡ್ಡಿನ ಗಲ್ಲೆಯ ಮೇಲೆ ಅಗಲ ಮುಖದ, ಸಣ್ಣ ಕಣ್ಣಿನ, ಮೂವತ್ತರ ಸುಮಾರಿನ ಹೆಂಗಸು. ನೀಲಕ್ಕ ಅವಳೊಡನೆ ಯಾವ ಭಾಷೆಯಲ್ಲಿ ಮಾತಾಡುವುದು ಅಂತ ಹಿಂಜರಿಯುವಷ್ಟರಲ್ಲಿ ಅವಳೇ ಶುರು ಮಾಡಿದಳು: "ಬರ್ರಿ ಅವ್ವಾರ, ಫ್ಯಾನಿನ ಕೆಳಗ ಕುಂದ್ರಿ. ಬಿಸಲಾಗ ಬಂದೀರಿ."

ನೀಲಕ್ಕ ಬೆರಗಾದಳು. "ಯವ್ವಾ, ನಮ್ಮಂಗs ಮಾತಾಡ್ತಾಳಲ್ಲ! ನಿನ್ನ ಹೆಸರೇನವ್ವಾ?"

"ಪೇಮಾ ಅಂತರಿ."

"ಯಾವೂರು ನಿಂದು? ಈ ಗುಡ್ಡದ ಕಡೇನ?" ನೀಲಕ್ಕ ಗೋಡೆ ತೋರಿಸಿದಳು.

ಪೇಮಾ ನಕ್ಕಳು. "ಗುಡ್ಡ ಹುಬ್ಬಳ್ಳ್ಯಾಗ ಪ್ರಿಂಟ್ ಹಾಕಿಸಿದ್ದರಿ. ನಂದು ಮುಂಡಗೋಡ, ಟಿಬೇಟಿ ಮಂದಿ ಕ್ಯಾಂಪಿನ್ಯಾಗ ಹುಟ್ಟೀನಿ. ನಮ್ಮವ್ವ ಚಳಿಗಾಲಕ್ಕ ಹುಬ್ಬಳ್ಳಿಯೊಳಗ ಸ್ವೆಟರ್ ಮಾರತಿದ್ಲು. ಅಕಿ ತವರಮನಿ ಆ ಗುಡ್ಡದ ಆಚಿಗೆ ಅಂತರಿ. ಅಕೀನೂ ಸಣ್ಣಾಕಿದ್ದಾಗ ಬಿಟ್ಟು ಬಂದಿದ್ಲು, ಮತ್ತ ನೋಡಲಿಲ್ಲ."

"ಅಯ್ಯ ಪಾಪ" ಅಂದಳು ನೀಲಕ್ಕ. ತವರು ಬಿಟ್ಟವರ ಮಾತು ಬಂದರೆ ಅವಳ ಕರುಳು ಚುರುಕ್ ಅನ್ನುತ್ತಿತ್ತು. ತನಗೆ ಆ ಗತಿ ಬರಲಿಲ್ಲವಲ್ಲ ಅಂತ ಒಳಗೊಳಗೇ ಸಮಾಧಾನವೂ ಆಗುತ್ತಿತ್ತು.

ಮೊದಲು ಬಂದದ್ದು ಮೋಮೋ. ಆವಿಯಲ್ಲಿ ಬೆಂದ ಬಿಳಿ ಬಿಳಿ ಮುದ್ದೆಗಳು, ಮೇಲೆ ಚಂದದ ನೆರಿಗೆ. ನೀಲಕ್ಕ ತಟ್ಟೆಯನ್ನು ಹತ್ತಿರ ಎಳೆದುಕೊಂಡು ನೋಡಿದಳು. "ಇದು ಕಡಬಲ್ಲೇನಬೇ? ಇದಕ್ಕ ಹಿಮಾಲಯಕ್ಕ ಯಾಕ ಹೋಗಬೇಕಿತ್ತು?" ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು. "ಬೆಲ್ಲ ಇಲ್ಲ! ಎಲಿಕೋಸು ತುಂಬ್ಯಾರ. ಆದ್ರ ನೆರಗಿ ಭಾರಿ ಚಲೋ ಹಾಕ್ಯಾರ ನೋಡು." ಥುಕ್ಪಾ ಬಂದಾಗ, ಬಟ್ಟಲು ಸಾರಿನಲ್ಲಿ ಮುಳುಗಿದ ಉದ್ದುದ್ದ ಎಳೆ ನೋಡಿ, "ಶಾವಿಗಿ ಸಾರಿನ್ಯಾಗ ಬಿದ್ದೈತಿ, ಯಾರರ ಎತ್ತರಿ" ಅಂದಳು. ಸೌಂದರ್ಯಾ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅತ್ತೆಯ ತಟ್ಟೆಗೆ ತಾನೇ ಬಡಿಸಿದಳು, ಬಿಸಿ ಇದೆ ಅಂತ ಊದಿ ಕೊಟ್ಟಳು, ಎಳೆ ಜಾರಿದಾಗ ಚಮಚದಲ್ಲಿ ಎತ್ತಿ ಬಾಯಿಗೇ ಇಟ್ಟಳು. ನೀಲಕ್ಕ ಬಾಯಿ ತೆರೆದು ಕೂಸಿನಂತೆ ತಿನ್ನಿಸಿಕೊಂಡಳು. ಒಂದು ಕಾಲಕ್ಕೆ ತಾನು ತಿನ್ನಿಸಿದ ಕೂಸು ಇವತ್ತು ತನಗೆ ತಿನ್ನಿಸುತ್ತಿದೆ. ಜನ್ಮಕ್ಕೆ ಇಷ್ಟು ಸಾಕು ಅನ್ನಿಸಿತು ಅವಳಿಗೆ. ನಿಜವಾಗಿಯೂ ಹಾಗೇ ಅನ್ನಿಸಿತು.

ಅಷ್ಟರಲ್ಲಿ ಸಂಗನಬಸವ ಬಂದ. ಅವನ ಹಿಂದೆಯೇ ಒಂದು ಬಿಳಿ ಕಾರು ಬಂದು ಗಾಜಿನ ಕಿಟಕಿಯ ಹೊರಗೆ ನಿಂತಿತು. ಅದರಿಂದಿಳಿದ ಒಬ್ಬ ಯುವಕ ಮೂಲೆಯ ಟೇಬಲ್ಲಿಗೆ ಹೋಗಿ ಒಬ್ಬನೇ ಕೂತ. ಸಂಗನಬಸವ ಕುರ್ಚಿ ಎಳೆದುಕೊಳ್ಳುತ್ತಲೇ ಜೇಬಿನಿಂದ ಮನೆಯ ಕೀಲಿ ತೆಗೆದು ಅಕ್ಕನ ಕೈಗೆ ಕೊಟ್ಟ. ಅವನು ದಿನಾ ಹಾಗೇ ಮಾಡುವುದು. ಅವಳೂ ದಿನದಂತೆ ಅದನ್ನು ಸೊಂಟಕ್ಕೆ ಸಿಗಿಸಿಕೊಂಡಳು. ನೇತ್ರಾ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿದಳು, ಆದರೆ ಕೊಟ್ಟ ಕೀಲಿ ಕೊಟ್ಟಾಗಿತ್ತು.

"ಉಣ್ಣೋ ಸಂಗೂ, ಯಾಕ ಮಾರಿ ಸಣ್ಣದು ಮಾಡೀದಿ?" ಅಂದಳು ನೀಲಕ್ಕ. ಅವನು ಒಂದು ನಾನ್ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ, ಅಗಿದ, ನುಂಗಲು ನೀರು ಕುಡಿದ. ಮೂಲೆಯ ಹುಡುಗ ಇವರ ಕಡೆಯೇ ನೋಡುತ್ತಿದ್ದ. ನೀಲಕ್ಕ ಸೆರಗು ಸರಿಮಾಡಿಕೊಂಡಳು.

ಊಟ ಮುಗಿದ ಮೇಲೆ ಪೇಮಾ ಎಲ್ಲರಿಗೂ ಉಪ್ಪು, ಬೆಣ್ಣೆ ಹಾಕಿದ ಚಹಾ ತಂದುಕೊಟ್ಟಳು. ನೀಲಕ್ಕ ಒಂದು ಗುಟುಕು ಕುಡಿದು ಮುಖ ಹಿಂಡಿದಳು. ನಗುತ್ತ ತಲೆಯೆತ್ತಿದರೆ ಉಳಿದ ಮೂವರೂ ನಗುತ್ತಿರಲಿಲ್ಲ. ನೇತ್ರಾ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಟೇಬಲ್ಲಿನ ಮೇಲಿಟ್ಟಳು. ಅದರಲ್ಲಿ ಅಕ್ಕಿ. ಆಮೇಲೆ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ.

"ನೀಲಕ್ಕಾರ, ಸೆರಗು ಒಡ್ರಿ."

"ಇಲ್ಲೇನ? ಹೋಟೆಲ್ಲಿನ್ಯಾಗ?"

"ಹೂನ್ರಿ. ಇವತ್ತು ದಿನಾ ಚಲೋ ಐತಿ."

ನೀಲಕ್ಕನಿಗೆ ಮೊದಲು ಗಾಬರಿಯಾಯಿತು. ತವರಿನವರು ಉಡಿ ತುಂಬುವುದೆಂದರೇನು ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಅವಳ ಮನಸ್ಸು ತನಗೆ ತಾನೇ ಒಂದು ದಾರಿ ಮಾಡಿಕೊಟ್ಟಿತು. ಇನ್ನೇನು ಹುಡುಗಿಯ ಮದುವೆ. ಬೆಳೆಸಿದ ಅತ್ತೆಗೆ ಮೊದಲ ಮರ್ಯಾದೆ ಆಗಬೇಕು ಅಂತ ಆಸೆಪಟ್ಟಿದ್ದಾರೆ. ಮನೆಯ ಹೊಸ್ತಿಲೊಳಗೆ ತುಂಬಬಾರದು ಅಂತ ಅವ್ವನ ಆಣೆಯಿದೆ. ಅದಕ್ಕೇ ಇಷ್ಟು ದೂರ ಹೊರಗೆ ಕರೆದುಕೊಂಡು ಬಂದು ತುಂಬುತ್ತಿದ್ದಾರೆ. ಆಣೆಯೂ ಮುರಿಯಲಿಲ್ಲ, ಮರ್ಯಾದೆಯೂ ಆಯಿತು. ಎಂಥ ಬುದ್ಧಿ! ಇದು ಸೌಂದರ್ಯಾಳದೇ ಇರಬೇಕು, ಉಳಿದ ಇಬ್ಬರಿಗೆ ಎಲ್ಲಿಂದ ಹೊಳೆಯಬೇಕು? ನೀಲಕ್ಕನ ಕಣ್ಣು ತುಂಬಿ ಬಂತು. ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು. ನೇತ್ರಾ ಹಿಡಿ ಹಿಡಿಯಾಗಿ ಅಕ್ಕಿ ಸುರಿದಳು, ಮೇಲೆ ಖಣ ಇಟ್ಟಳು, ಹಣೆಗೆ ಕುಂಕುಮ ಹಚ್ಚಿದಳು.

"ಉಡಿ ತುಂಬೀರಿ, ಖರೆ" ಅಂದಳು ನೀಲಕ್ಕ, ಚೇಷ್ಟೆಗೆ. "ಇನ್ನ ನನ್ನ ಎಲ್ಲಿಗೆ ಕಳಸ್ತೀರಬೇ?"

ಸೌಂದರ್ಯಾ ತಟ್ಟೆ ನೋಡುತ್ತ ಕೂತಳು. ಮೂಲೆಯ ಟೇಬಲ್ಲಿನ ಯುವಕ ಎದ್ದು ಬಂದು ಬಗ್ಗಿ ನೀಲಕ್ಕನ ಕಾಲು ಮುಟ್ಟಿದ.

"ಕಾಕಿ, ನಾ ಗೌರೀಶ. ಅಣ್ಣಿಗೇರಿಯಾಂವ. ನೀವು ಆ ಮನಿ ಬಿಟ್ಟು ಬಂದಾಗ ನಾ ಇನ್ನೂ ಹುಟ್ಟಿರಲಿಲ್ರಿ. ಕುಬೇರಪ್ಪ ಕಾಕಾಗ ಲಕ್ವಾ ಹೊಡದೈತಿ. ಒಂದು ಬಾಜು ಪೂರಾ ಹೋಗೇತಿ. ಅಕಿ... ಆ ಹೆಣ್ಣಮಗಳು ಬಿಟ್ಟು ಹೋದ್ಲು. ನೋಡಾಕ ಯಾರೂ ಇಲ್ರಿ. ನಿಮ್ಮನ್ನ ಕರಕೊಂಡು ಹೋಗಾಕ ಬಂದೀನಿ."

ನೀಲಕ್ಕ ಅವನ ಮುಖ ನೋಡಿದಳು. ಕುಬೇರಪ್ಪನ ಮೂಗೇ ಅದು. ಆಮೇಲೆ ಅವಳ ಕಣ್ಣು ಗಾಜಿನ ಕಿಟಕಿಯ ಹೊರಗೆ, ಆ ಬಿಳಿ ಕಾರಿನ ಕಡೆ ಹೋಯಿತು. ಹಿಂದಿನ ಸೀಟಿನಲ್ಲಿ ಒಂದು ಟ್ರಂಕು. ಅದರ ಮೇಲೆ ಮಡಿಚಿಟ್ಟ ಕೌದಿ. ಕೌದಿಯ ಒಂದು ಮೂಲೆ ಗಾಜಿಗೆ ಒತ್ತಿಕೊಂಡಿತ್ತು, ಅಲ್ಲಿ ಹಳದಿ ಬಣ್ಣದ ತುಂಡು. ಸೌಂದರ್ಯಾಳ ಮೊದಲ ವರ್ಷದ ಫ್ರಾಕಿನದು.

ಮುಂಜಾನೆ ತಾನೇ ಸೀರೆ ತೆಗೆದು ಮುಚ್ಚಿದ ಟ್ರಂಕು. ತಾನು ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಊರು ನೋಡುತ್ತಿದ್ದಾಗ ತಮ್ಮ ಅದನ್ನು ಹೊತ್ತು ತಂದು ಪರರ ಕಾರಿಗೆ ಹಾಕುತ್ತಿದ್ದ.

"ಸಂಗೂ" ಅಂದಳು.

ಸಂಗನಬಸವ ತಲೆಯೆತ್ತಲಿಲ್ಲ. "ಅಕ್ಕಾ, ಎಷ್ಟಂದ್ರೂ ಗಂಡ ಅನ್ನಾಂವ ಅದಾನ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರ. ಕುಬಿಹಾಳದ ಮಂದಿ ಕೇಳಾಕತ್ತಾರ, ನಿಮ್ಮಕ್ಕ ಯಾಕ ಗಂಡನ ಮನಿಯೊಳಗಿಲ್ಲ ಅಂತ. ಲಗ್ನದ ಮುಂದ ಇದೊಂದು ಸರಿ ಆಗ್ಲಿ ಅಂತ..."

"ಅವ್ವನ ಆಣಿ?"

"ಆಣಿ ಮುರದಿಲ್ಲಕ್ಕಾ. ಅವ್ವ ಅಂದದ್ದು ಈ ಮನಿ ಹೊಸ್ತಿಲದೊಳಗ ತುಂಬಬ್ಯಾಡ ಅಂತ. ಇದು ಹೊಸ್ತಿಲದ ಹೊರಗ."

ಬಾಯಿಪಾಠ ಮಾಡಿಸಿ ಕಳಿಸಿದ ಹುಡುಗನಂತೆ ಒಪ್ಪಿಸಿದ ಅವನು. ಅದು ಅವನ ತಲೆಯಲ್ಲಿ ಹುಟ್ಟಿದ ಮಾತಲ್ಲ. ನೇತ್ರಾಳದೂ ಅಲ್ಲ, ಹನಮವ್ವ ಹಾಕಿಸಿದ ಆಣೆಯ ಶಬ್ದ ಶಬ್ದ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಶಬ್ದ ಬಿಡದೆ ಕೇಳಿದವಳು ಒಬ್ಬಳೇ. ಕೌದಿಯೊಳಗೆ ಮುದುಡಿ ಮಲಗಿ, ಹಂಗಾರ ನೀ ಎಂದೂ ಹೋಗಂಗಿಲ್ಲಲ್ಲ ಅಂತ ಕೇಳಿ, ಹೂಂ ಅನ್ನಿಸಿಕೊಂಡ ಮೇಲೆ ನಿದ್ದೆ ಹೋಗುತ್ತಿದ್ದವಳು.

"ಯಾರು ಕಲಿಸಿಕೊಟ್ರೋ ನಿನಗ ಇದನ್ನ?"

ಸಂಗನಬಸವ ಮಗಳ ಕಡೆ ನೋಡಿದ. ನೋಡಿದ್ದೇ ಸಾಕಾಯಿತು.

"ಅತ್ತಿ" ಅಂದಳು ಸೌಂದರ್ಯಾ. "ಹಂಗ ನೋಡಬ್ಯಾಡ. ಮನ್ಯಾಗ ಹೇಳಿದ್ರ ನೀ ಅಳತಿದ್ದಿ, ಓಣಿ ಮಂದಿ ಕೂಡತಿದ್ರು. ಇಲ್ಲಾದ್ರ ಸಮಾಧಾನ್ಲೆ ಆಗತೈತಿ ಅಂತ... ನಾನs ಅಂದೆ. ನೀ ಒಂದೀಟ ದಿನಾ ಇದ್ದು ನೋಡು. ನನ್ನ ಲಗ್ನ ಒಂದು ಆಗ್ಲಿ."

ಹೊರಗಿನವರ ಮುಂದೆ ಅತ್ತೆ ಬಾಯಿ ತೆರೆಯುವವಳಲ್ಲ ಅನ್ನುವ ಲೆಕ್ಕವೂ ಅವಳದೇ. ನೀಲಕ್ಕನಿಗೆ ಎಲ್ಲ ತಿಳಿಯಿತು. ಅಬ್ಬಲಿಗೆ ಮುಡಿಸಿದ್ದು, ಊದಿ ಕೊಟ್ಟದ್ದು, ಬಾಯಿಗೆ ಇಟ್ಟದ್ದು. ಕುಬೇರಪ್ಪ ಅವಳಿಗೆ ಮೋಸ ಮಾಡಿದಾಗ ಅವನು ಎರಡು ವರ್ಷದ ಪರಿಚಯದವನು. ಅದು ಸಿಟ್ಟಿನಲ್ಲಿ ಕಳೆಯಿತು. ಇದು ಹಾಗೆ ಕಳೆಯುವಂಥದಲ್ಲ. ತನ್ನ ಬಾಯಿಂದಲೇ ಕೇಳಿದ ಕಥೆಯನ್ನು ತನ್ನ ಕೂಸೇ ಬಿಚ್ಚಿ ನೋಡಿ, ಎಲ್ಲಿ ಹೊಲಿಗೆ ಸಡಿಲಿದೆ ಅಂತ ಹುಡುಕಿ, ಅಲ್ಲಿಂದಲೇ ಹರಿದಿತ್ತು. ನಂಬಿದ ಎಮ್ಮೆ ಕೋಣ ಈಯಿತು ಅಂತ ಊರಲ್ಲಿ ನಗುತ್ತ ಹೇಳುತ್ತಾರೆ. ಆ ಎಮ್ಮೆಯನ್ನು ರಾತ್ರಿ ಹಗಲು ಮೇಯಿಸಿದವರು ನಗುವುದಿಲ್ಲ.

ಪಕ್ಕದ ಟೇಬಲ್ಲಿನವರು ಉಣ್ಣುವುದು ಬಿಟ್ಟು ನೋಡುತ್ತಿದ್ದರು. ಪೇಮಾ ಗಲ್ಲೆಯ ಹಿಂದೆ ಎದ್ದು ನಿಂತಿದ್ದಳು. ಅತ್ತ ಸಂಗನಬಸವ, ಇತ್ತ ನೇತ್ರಾ, ನಡುವೆ ಕಾರಿನ ಬೀಗದ ಕೈ ಹಿಡಿದ ಗೌರೀಶ, ಎಲ್ಲರೂ ಅವಳು ಸುಮ್ಮನೆ ಎದ್ದು ಕಾರು ಹತ್ತುವುದನ್ನು ಕಾಯುತ್ತಿದ್ದರು.

ನೀಲಕ್ಕ ಎದ್ದಳು. ಸೆರಗಿನ ಉಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಟೇಬಲ್ಲು ಸುತ್ತಿ ಸೌಂದರ್ಯಾಳ ಎದುರು ಬಂದು ನಿಂತಳು.

"ಏಳು. ವೇಲ್ ಒಡ್ಡು."

"ಅತ್ತಿ..."

"ಒಡ್ಡು ಅಂದೆ."

ಧ್ವನಿ ಏರಲಿಲ್ಲ, ಆದರೆ ಹೋಟೆಲಿನ ಆ ತುದಿಯವರೆಗೂ ಕೇಳಿಸಿತು. ಸೌಂದರ್ಯಾ ಎದ್ದು ವೇಲ್ ಒಡ್ಡಿ ಹಿಡಿದಳು. ನೀಲಕ್ಕ ತನ್ನ ಸೆರಗನ್ನು ಓರೆ ಮಾಡಿ ಅಕ್ಕಿ, ಖಣ, ಕೊಬ್ಬರಿ ಅಷ್ಟನ್ನೂ ಅದಕ್ಕೆ ಸುರಿದಳು. ಕೆಳಗೆ ಒಂದು ಕಾಳೂ ಬೀಳಲಿಲ್ಲ. ತನ್ನ ಹಣೆಯ ಹಸಿ ಕುಂಕುಮವನ್ನು ಬೆರಳಲ್ಲಿ ತೆಗೆದು ಹುಡುಗಿಯ ಹಣೆಗೆ ಹಚ್ಚಿದಳು.

"ನಿನ್ನ ಉಡಿ ನನ್ನ ಕೈಲೆ ತುಂಬಬೇಕಂತ ನೀ ಅಂಬೆಗಾಲಿಡೂ ಮುಂದ ಆಸೆ ಮಾಡಿದ್ದೆ. ಲಗ್ನದಾಗ ತುಂಬತೀನಿ ಅಂದಿದ್ದೆ, ಇವತ್ತs ತುಂಬಿದೆ. ಆ ಮನಿ ಬಿಟ್ಟು ಹೋಗಾಕಿ ನೀನು, ನಾ ಅಲ್ಲ. ಚಲೋತ್ನ್ಯಾಗ ಬಾಳೇ ಮಾಡು. ನಿನ್ನ ಕಳಿಸಿದೆ."

ಸೌಂದರ್ಯಾ ಅಕ್ಕಿ ಚೆಲ್ಲದಂತೆ ವೇಲ್ ಹಿಡಿದುಕೊಂಡು ಅಲ್ಲೇ ಕುಸಿದು ಕೂತು ಅತ್ತಳು. ನೇತ್ರಾ "ನೀಲಕ್ಕಾರ, ಮಂದಿ ನೋಡಾಕತ್ತಾರ" ಅಂದಳು.

"ನೋಡ್ಲೆವ್ವಾ. ನೋಡ್ಲಿ ಅಂತs ಇಲ್ಲಿಗೆ ಕರಕೊಂಡು ಬಂದೀರಲ್ಲ?"

ಹೊರಗೆ ಬಂದು ಕಾರಿನ ಬಾಗಿಲು ತೆಗೆಸಿ ಕೌದಿಯನ್ನು ಹೆಗಲಿಗೆ ಹಾಕಿಕೊಂಡಳು. ಟ್ರಂಕು ಮುಟ್ಟಲಿಲ್ಲ. "ಹೊತ್ತು ತಂದಾಂವ ಹೊತ್ತು ಒಯ್ಯಲಿ" ಅಂದಳು. ಗೌರೀಶ ಬಾಗಿಲು ಹಿಡಿದು ನಿಂತಿದ್ದ. ಅವನದೇನೂ ತಪ್ಪಿಲ್ಲ ಅಂತ ಅವಳಿಗೆ ಗೊತ್ತಿತ್ತು. ಕಾಕಾನ ಹೇಲುಚ್ಚೆ ಬಳಿಯಲು ಒಂದು ಜೀವ ಬೇಕಾಗಿತ್ತು, ಕೊಡುತ್ತೇವೆ ಅಂದರು, ಬಂದ.

"ಕಾಕಾಗ ಏನ ಹೇಳ್ಲಿರಿ?"

"ಪಂಚಮಿ ಇನ್ನೂ ಮುಗಿದಿಲ್ಲಂತ ಹೇಳಪಾ."

ಪೇಮಾ ಬಾಗಿಲವರೆಗೆ ಬಂದಿದ್ದಳು. ನೀಲಕ್ಕ ಅವಳಿಗೆ ಕೈ ಮುಗಿದಳು. "ಊಟ ಚಲೋ ಇತ್ತವ್ವಾ. ಚಹಾ ಒಂದು ಸೇರಲಿಲ್ಲ" ಅಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಬಸ್ಸಿನಲ್ಲಿ ಕೌದಿಯಲ್ಲಿ ಮುಖವಿಟ್ಟು ಅತ್ತಳು. ಬಮ್ಮಿಗಟ್ಟಿ ಬರುವವರೆಗೂ ಅತ್ತಳು. ಪಕ್ಕದಲ್ಲಿ ಕೂತ ಮುದುಕಿ ಯಾರು ತೀರಿಕೊಂಡರು ಅಂತ ಕೇಳಿದಾಗ, "ಮನಿಯಾಗಿನವರು" ಅಂದಳು. ಊರು ಬಂದಾಗ ಕಣ್ಣೊರೆಸಿಕೊಂಡು ಇಳಿದಳು, ಸೊಂಟದಿಂದ ಕೀಲಿ ತೆಗೆದು ಬಾಗಿಲು ತೆರೆದಳು. ಮನೆಯ ಕಾಗದದಲ್ಲಿ ತಮ್ಮನ ಹೆಸರಿದೆ, ನಾಳೆ ಅವನು ಹೊರಗೆ ಹಾಕಬಹುದು. ಹಾಕುವುದಾದರೆ ಹಗಲಲ್ಲಿ, ಓಣಿಯವರ ಮುಂದೆ, ಆ ಹೊಸ್ತಿಲಿನಿಂದಲೇ ಹಾಕಲಿ. ಕೌದಿಯನ್ನು ಅದರ ಗೂಟಕ್ಕೆ ಹಾಕಿದಳು. ಜಗಲಿಯ ಮುಂದೆ ದೀಪ ಹಚ್ಚಿ, ಒಲೆ ಹೊತ್ತಿಸಿ, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು.

ರೊಟ್ಟಿ ಮುಗಿಯುವ ಹೊತ್ತಿಗೆ ಅವರು ಬಂದರು. ಸಂಗನಬಸವನ ಹೆಗಲ ಮೇಲೆ ಟ್ರಂಕಿತ್ತು. ಅದನ್ನು ಹೊತ್ತುಕೊಂಡೇ ಅಂಗಳ ದಾಟಿ, ಸಪ್ಪಳ ಮಾಡದೆ, ಇದ್ದ ಜಾಗದಲ್ಲೇ ಇಟ್ಟು ಹಿತ್ತಲಿಗೆ ಹೋದ. ನೇತ್ರಾ ಅವನ ಹಿಂದೆ ಹೋದಳು. ಸೌಂದರ್ಯಾ ಮಾತ್ರ ಬಾಗಿಲ ಹೊರಗೆ ನಿಂತಳು. ವೇಲಿನಲ್ಲಿ ಗಂಟು ಹಾಕಿದ ಉಡಿ ಹಾಗೇ ಇತ್ತು. ಎಲ್ಲಿ ಇಳಿಸಬೇಕು ಅಂತ ಅವಳಿಗೆ ತಿಳಿದಿರಲಿಲ್ಲ.

"ಅತ್ತಿ" ಅಂದಳು. "ಹಸಿವಾಗೇತಿ."

ಸಣ್ಣವಳಿದ್ದಾಗಿನಿಂದ ಅತ್ತೆಯ ಸಿಟ್ಟು ಇಳಿಸಲು ಅವಳಿಗೆ ಗೊತ್ತಿದ್ದ ಮಾತು ಅದೊಂದೇ. ಆ ಮಾತಿಗೆ ನೀಲಕ್ಕ ಯಾವತ್ತೂ "ಬಾ ಹುಚ್ಚಿ, ಉಣ್ಣು" ಅನ್ನದೆ ಇದ್ದವಳಲ್ಲ.

ನೀಲಕ್ಕ ಎದ್ದು ಬಂದಳು. ಹಿತ್ತಾಳೆಯ ತಂಬಿಗೆಯಲ್ಲಿ ನೀರು ತುಂಬಿ ತಂದು ಹೊಸ್ತಿಲ ಮೇಲೆ ಇಟ್ಟಳು. ಮಗ್ಗುಲಿಗೆ ಒಂದು ಬಟ್ಟಲು, ಅದರಲ್ಲಿ ಬೆಲ್ಲದ ತುಂಡು. ಬೇರೆ ಊರಿನಿಂದ ಬಂದ ಬೀಗರಿಗೆ ಆ ಮನೆಯಲ್ಲಿ ಇಡುವುದೇ ಹಾಗೆ.

"ಬರ್ರಿ" ಅಂದಳು. "ಕಾಲು ತೊಳಕೋರಿ. ದೂರದಿಂದ ಬಂದೀರಿ."

ಸೌಂದರ್ಯಾ ತಂಬಿಗೆ ನೋಡಿದಳು, ಅತ್ತೆಯ ಮುಖ ನೋಡಿದಳು. "ಅತ್ತಿ, ನಾ ಇದs ಮನ್ಯಾಗಿನಾಕಿ. ಹಿಂಗ ಮಾಡಬ್ಯಾಡ ಬೇ."

ನೀಲಕ್ಕ ಒಳಗೆ ಹೋಗಿ ನೆಂಟರಿಗೆ ಹಾಸುವ ಚಾಪೆ ಬಿಚ್ಚಿ ಹಾಸಿದಳು. ಹೊಸ ತಾಟು ತೊಳೆದು ಇಟ್ಟಳು.

"ಊಟಾ ಮಾಡಿಕೊಂಡs ಹೋಗ್ರಿ" ಅಂದಳು.